ಮದುವೆಗೆ ಎಷ್ಟು ಕೆ.ಜಿ. ದಾಖಲೆ ಬೇಕು?

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಅಂತಾರೆ. ಈ ಗಾದೆ ಮಾಡಿದ ಪುಣ್ಯಾತ್ಮರು ಅಮೆರಿಕಕ್ಕೆ ಹೋಗಿರಲಿಲ್ಲ. ಹೋಗಿದ್ದಿದ್ರೆ ಮೂರನೆಯದೊಂದನ್ನು ಸೇರಿಸ್ತಿದ್ರು: ಆಗಿರೋ ಮದುವೆ ನಿಜವಾದ ಮದುವೆ ಅಂತ ಸರ್ಕಾರಕ್ಕೆ ತೋರಿಸಿ ನೋಡು.

ಹಾಸನ ಕಡೆಯ ತಂದೆಯೊಬ್ಬರು ನಮ್ಮ ಚಾನೆಲ್‌ಗೆ ಮೆಸೇಜ್ ಕಳಿಸಿದ್ದರು. ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ, ಅಳಿಯ ಅಮೆರಿಕದ ಪ್ರಜೆ. ಮಗಳ ಕೈಯಲ್ಲಿರೋದು ಎರಡೇ ವರ್ಷದ ಗ್ರೀನ್ ಕಾರ್ಡ್, ಅವಧಿ ಮುಗೀತಾ ಬಂತು. "ಅಳಿಯಂದಿರು ಐನೂರು ಪುಟ ಕಳಿಸಬೇಕು ಅಂತಾರೆ. ಅವರ ಪರಿಚಯದವರು ಮೂವತ್ತು ಪುಟ ಸಾಕು ಅಂದ್ರಂತೆ. ಕಮ್ಮಿಯಾದ್ರೆ ಮಗಳನ್ನು ವಾಪಸ್ ಕಳಿಸಿಬಿಡ್ತಾರಾ? ಯಾವುದು ಸರಿ ಹೇಳಿ ಸಾರ್" ಅಂತ ಪ್ರಶ್ನೆ.

ಇದು ಒಬ್ಬರ ಪ್ರಶ್ನೆ ಅಲ್ಲ. ನಮ್ಮ ರಾಜ್ಯದಲ್ಲಿ ಬೆಂಗಳೂರು ಬಿಡಿ, ಶಿರಸಿ, ಸುಳ್ಯ, ದಾವಣಗೆರೆಯಿಂದಲೂ ಹೆಣ್ಣುಮಕ್ಕಳನ್ನು, ಗಂಡುಮಕ್ಕಳನ್ನು ಅಮೆರಿಕದ ಸಂಬಂಧಕ್ಕೆ ಕೊಟ್ಟವರಿದ್ದಾರೆ. ಅವರೆಲ್ಲ ರಾತ್ರಿ ನ್ಯೂಸ್ ನೋಡುವಾಗ ಟ್ರಂಪ್ ಏನಂದ, ವೀಸಾ ಏನಾಯ್ತು ಅಂತ ಎದೆ ಹಿಡಿದು ಕೂತಿರ್ತಾರೆ. ಅವರ ಮಕ್ಕಳ ಬದುಕು ನಿಂತಿರೋದು ಮಾತ್ರ ಬಹಳ ಸಲ ಬ್ರೇಕಿಂಗ್ ನ್ಯೂಸ್ ಮೇಲಲ್ಲ, ಐ-751 ಅನ್ನೋ ಒಂದು ಫಾರಂ ಮೇಲೆ. ಅದನ್ನು ಇವತ್ತು ಬಿಡಿಸಿ ನೋಡೋಣ. ನಾನು ವಕೀಲನಲ್ಲ, ನನ್ನದು ಎಂಜಿನಿಯರಿಂಗ್ ಡಿಗ್ರಿ. ಆದರೆ ಈ ವಿಷಯದಲ್ಲಿ ಆ ಡಿಗ್ರಿಯೂ ಸ್ವಲ್ಪ ಉಪಯೋಗಕ್ಕೆ ಬರುತ್ತೆ, ಮುಂದೆ ನೋಡಿ.

ಮೊದಲು ಒಂದು ಗೊಂದಲ ಪರಿಹಾರ ಮಾಡಿಕೊಳ್ಳಿ. ಎಚ್-1ಬಿ ವೀಸಾದಲ್ಲಿ ಹೋಗಿ, ಕಂಪನಿ ಮೂಲಕ ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಸರದಿಯಲ್ಲಿ ನಿಂತಿದ್ದಾರಲ್ಲ, ಆ ಸಾಫ್ಟ್‌ವೇರ್ ದಂಪತಿಗಳಿಗೆ ಇದು ಸಂಬಂಧಪಡಲ್ಲ. ಇದು ಮದುವೆಯ ಆಧಾರದಲ್ಲೇ ಗ್ರೀನ್ ಕಾರ್ಡ್ ಪಡೆದವರ ಕಥೆ. ಅದರಲ್ಲೂ, ಕಾಯಂ ನಿವಾಸಿ ಅನ್ನೋ ಸ್ಥಾನ ಸಿಕ್ಕ ದಿನಕ್ಕೆ ಯಾರ ಮದುವೆಗೆ ಎರಡು ವರ್ಷ ತುಂಬಿರಲಿಲ್ಲವೋ ಅವರದು. ಅವರಿಗೆ ಹತ್ತು ವರ್ಷದ ಕಾರ್ಡ್ ಕೊಡಲ್ಲ. ಎರಡು ವರ್ಷದ್ದು, ಷರತ್ತಿನ ಮೇಲೆ ಕೊಡ್ತಾರೆ. ಆ ಎರಡು ವರ್ಷ ಮುಗಿಯೋ ಮೊದಲು ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿ, ನಮ್ಮದು ಕಾರ್ಡಿಗೋಸ್ಕರ ಆದ ಮದುವೆಯಲ್ಲ ಅಂತ ದಾಖಲೆ ಕೊಟ್ಟು, ಆ ಷರತ್ತನ್ನು ತೆಗೆಸಬೇಕು. ಷರತ್ತು ತೆಗೆಸುವ ಅರ್ಜಿಯೇ ಈ ಐ-751.

ಈ ಷರತ್ತು ಎಲ್ಲಿಂದ ಬಂತು ಗೊತ್ತಾ? 1986ರ ನವೆಂಬರ್‌ನಲ್ಲಿ, ರೇಗನ್ ಅಧ್ಯಕ್ಷರಾಗಿದ್ದಾಗ ಬಂದ ಕಾನೂನಿನಿಂದ. ಹೆಸರೇ ವಲಸೆ ವಿವಾಹ ವಂಚನೆ ತಿದ್ದುಪಡಿ. ಅದಕ್ಕೆ ಹಿಂದಿನ ವರ್ಷ ಅಲ್ಲಿನ ವಲಸೆ ಇಲಾಖೆ ಸಂಸತ್ತಿನ ಮುಂದೆ ಒಂದು ಸಮೀಕ್ಷೆ ಇಟ್ಟಿತ್ತು. ಮದುವೆ ಆಧಾರದ ಅರ್ಜಿಗಳಲ್ಲಿ ಸುಮಾರು ಶೇ. 30ರಷ್ಟು ಬೋಗಸ್ ಅಂತ. ಸಂಸದರು ಬೆಚ್ಚಿಬಿದ್ದರು, ಕಾನೂನು ಪಾಸಾಯಿತು. ಕೆಲವು ವರ್ಷದ ಮೇಲೆ ಕೋರ್ಟಿನಲ್ಲಿ ವಿಷಯ ಬಂದಾಗ, ಆ ಸಮೀಕ್ಷೆ ಸಂಖ್ಯಾಶಾಸ್ತ್ರದ ಪ್ರಕಾರ ನಿಲ್ಲೋದಿಲ್ಲ ಅಂತ ಇಲಾಖೆಯೇ ಒಪ್ಪಿಕೊಂಡಿತು! ಅಂಕಿ ಬಿದ್ದುಹೋಯಿತು, ಕಾನೂನು ಉಳಿಯಿತು. ನಮ್ಮಲ್ಲಿ ಮಾತ್ರ ಹೀಗಾಗುತ್ತೆ ಅಂದುಕೊಂಡಿದ್ದೀರಾ?

ಹಾಗಂತ ಬೋಗಸ್ ಮದುವೆಗಳು ಇಲ್ಲವೇ ಇಲ್ಲ ಅಂತಲ್ಲ. ಇವೆ. ಸಿಕ್ಕಿಬಿದ್ದರೆ ಐದು ವರ್ಷದವರೆಗೆ ಜೈಲು, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ. ಅಂಥವರಿಗೆ ಈ ಲೇಖನದಿಂದ ಏನೂ ಸಿಗಲ್ಲ. ನಾನು ಮಾತಾಡ್ತಿರೋದು ನೆಟ್ಟಗೆ ಸಂಸಾರ ಮಾಡ್ತಿದ್ದೂ ಪೇಪರ್ ನೋಡಿದರೆ ಗಾಬರಿಯಾಗುವವರ ಜೊತೆ.

ದಿನಾಂಕದ ಲೆಕ್ಕ ಬೇಗ ಮುಗಿಸಿಬಿಡ್ತೀನಿ, ಇದರಲ್ಲಿ ಎಡವುವವರು ಬಹಳ. ಒಂದು ಉದಾಹರಣೆ. 2022ರ ಮೇ 5ಕ್ಕೆ ಮದುವೆ. ಮುಂಬೈ ಕಾನ್ಸುಲೇಟ್‌ನಲ್ಲಿ ಸಂದರ್ಶನ ಆಗಿ, ವಲಸೆ ವೀಸಾ ಸಿಕ್ಕಿ, ಹುಡುಗಿ 2024ರ ಮಾರ್ಚ್ 20ಕ್ಕೆ ಅಮೆರಿಕದಲ್ಲಿ ಇಳಿದಳು ಅಂತಿಟ್ಟುಕೊಳ್ಳಿ. ಲೆಕ್ಕಕ್ಕೆ ಬರೋದು ಸಂದರ್ಶನದ ದಿನ ಅಲ್ಲ, ಇಳಿದ ದಿನ. ಅವತ್ತಿಗೆ ಮದುವೆಗೆ ಎರಡು ವರ್ಷ ಆಗಿಲ್ಲ, ಹಾಗಾಗಿ ಷರತ್ತಿನ ಕಾರ್ಡ್. ಅದೇ ವೀಸಾ ಅವಧಿಯೊಳಗೇ ಸ್ವಲ್ಪ ತಡೆದು ಮೇ 6ಕ್ಕೆ ಇಳಿದಿದ್ದರೆ ನೇರ ಹತ್ತು ವರ್ಷದ ಕಾರ್ಡಿಗೆ ಅರ್ಹಳು. ಕೆಲವರಿಗೆ ಒಂದೂವರೆ ತಿಂಗಳ ಕಾಯುವಿಕೆ ಇಷ್ಟೂ ತಲೆನೋವನ್ನು ತಪ್ಪಿಸುತ್ತೆ, ಆದರೆ ಟಿಕೆಟ್ ಬುಕ್ ಮಾಡುವಾಗ ಇದು ಯಾರಿಗೆ ನೆನಪಿರುತ್ತೆ? ಮಾರ್ಚ್ 20ಕ್ಕೆ ಇಳಿದವಳ ಕಾರ್ಡ್ 2026ರ ಮಾರ್ಚ್ 20ಕ್ಕೆ ಮುಗಿಯುತ್ತೆ. ಅದಕ್ಕೆ ಹಿಂದಿನ 90 ದಿನದಲ್ಲಿ, ಅಂದರೆ 2025ರ ಡಿಸೆಂಬರ್ 20ರ ನಂತರ, ಅರ್ಜಿ ಇಲಾಖೆಗೆ ತಲುಪಬೇಕು. ಮೊದಲೇ ಹೋದರೆ ವಾಪಸ್ ಕಳಿಸ್ತಾರೆ. ತಡವಾದರೆ ಯಾಕೆ ತಡವಾಯಿತು ಅನ್ನೋದಕ್ಕೆ ಒಪ್ಪುವಂಥ ಕಾರಣ ಬರೆದುಕೊಡಬೇಕು. ಹಾಕಲೇ ಇಲ್ಲ ಅಂದರೆ ಕಾಯಂ ನಿವಾಸಿ ಸ್ಥಾನವೇ ಹೋಗುತ್ತೆ, ಗಡೀಪಾರು ಪ್ರಕ್ರಿಯೆ ಶುರುವಾಗಬಹುದು. ಶುಲ್ಕ 2024ರ ಏಪ್ರಿಲ್‌ನಲ್ಲಿ 750 ಡಾಲರ್ ಆಯಿತು. ಕಳಿಸುವ ದಿನ ಇಲಾಖೆಯ ವೆಬ್‌ಸೈಟಿನಲ್ಲಿ ಇನ್ನೊಂದು ಸಲ ನೋಡಿಕೊಳ್ಳಿ.

ಈಗ ಆ ತಂದೆಯ ಪ್ರಶ್ನೆಗೆ ಬರೋಣ. ಎಷ್ಟು?

ಕಾನೂನಿನಲ್ಲಿ ಪುಟದ ಸಂಖ್ಯೆ ಇಲ್ಲ. ಐನೂರೂ ಇಲ್ಲ, ಮೂವತ್ತೂ ಇಲ್ಲ. ಅರ್ಜಿಯ ಜೊತೆಗಿನ ಸೂಚನೆಗಳು ಏನು ಹೇಳುತ್ತವೆ ಅಂದರೆ, ಮದುವೆಯಾದ ದಿನದಿಂದ ಇವತ್ತಿನವರೆಗಿನ ನಿಮ್ಮ ಸಂಬಂಧವನ್ನು ತೋರಿಸೋಕೆ ನಿಮಗೆ ಎಷ್ಟು ಬೇಕು ಅನಿಸುತ್ತೋ ಅಷ್ಟು ದಾಖಲೆಗಳ ನಕಲು ಕೊಡಿ ಅಂತ. "ನಿಮಗೆ ಅನಿಸಿದಷ್ಟು" ಅಂದರೆ ನಮ್ಮವರಿಗೆ ಭಯ ಜಾಸ್ತಿ. ತಹಶೀಲ್ದಾರ್ ಆಫೀಸಿಗೆ ಹೋದಾಗ ಒಂದು ಜೆರಾಕ್ಸ್ ಕೇಳಿದರೆ ನಾಲ್ಕು ಇಟ್ಟುಕೊಂಡು ಹೋಗುವ ಜನ ನಾವು.

ಆದರೆ ಅಧಿಕಾರಿ ಯಾವ ತಕ್ಕಡಿಯಲ್ಲಿ ತೂಗಬೇಕು ಅನ್ನೋದು ಸ್ಪಷ್ಟವಾಗಿದೆ. ಕೊಲೆ ಕೇಸಿನಲ್ಲಿ ಬೇಕಲ್ಲ, ಕಿಂಚಿತ್ತೂ ಸಂಶಯ ಇಲ್ಲದಂಥ ಸಾಬೀತು, ಅದು ಇಲ್ಲಿ ಬೇಕಿಲ್ಲ. ನೀವು ಹೇಳೋದು ಸುಳ್ಳು ಅನ್ನೋದಕ್ಕಿಂತ ನಿಜ ಇರುವ ಸಾಧ್ಯತೆ ಹೆಚ್ಚು ಅಂತ ಕಂಡರೆ ಸಾಕು. ತಕ್ಕಡಿ ಒಂದು ಕಡೆಗೆ ಸ್ವಲ್ಪ ವಾಲಿದರೂ ಆಯಿತು. 2010ರಲ್ಲಿ ಚಾವಾಥೆ ಅನ್ನೋ ಪ್ರಕರಣದಲ್ಲಿ ಇಲಾಖೆಯ ಮೇಲ್ಮನವಿ ಕಚೇರಿ ಇದನ್ನೇ ಬಿಡಿಸಿ ಹೇಳಿತು. ಸತ್ಯವನ್ನು ತೀರ್ಮಾನಿಸುವಾಗ ದಾಖಲೆಯ ಪ್ರಮಾಣವೊಂದನ್ನೇ ಅಲ್ಲ, ಗುಣವನ್ನು ನೋಡಬೇಕು ಅನ್ನೋದು ಅದರ ತಾತ್ಪರ್ಯ. ಅದು ಮದುವೆ ಪ್ರಕರಣವೇನಲ್ಲ, ಆದರೆ ತಕ್ಕಡಿ ಅದೇ.

ಇಲ್ಲೇ ನನ್ನ ಎಂಜಿನಿಯರಿಂಗ್ ಲ್ಯಾಬ್ ನೆನಪಾಗೋದು. ಒಂದು ಸರ್ಕ್ಯೂಟಿನ ವೋಲ್ಟೇಜನ್ನು ಒಂದೇ ಮೀಟರಿನಲ್ಲಿ ನೂರು ಸಲ ಅಳೆದು ನೂರು ರೀಡಿಂಗ್ ಬರೆದರೆ ಲೆಕ್ಚರರ್ ಏನಂತಾರೆ? ಆ ಮೀಟರೇ ಕೆಟ್ಟಿದ್ದರೆ ಏನಪ್ಪಾ ಮಾಡ್ತೀಯ ಅಂತಾರೆ. ಬೇರೆ ಬೇರೆ ಮೂರು ಮೀಟರಿನಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಅಳೆದು ಒಂದೇ ಉತ್ತರ ಬಂದರೆ ಅದಕ್ಕೆ ಬೆಲೆ. ಎರಡು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಇಡಿಯಾಗಿ, ತಿಂಗಳಿಗೆ ಎಂಟು ಪುಟದಂತೆ ಸುಮಾರು ಇನ್ನೂರು ಪುಟ ತುರುಕಿದಿರಿ ಅಂತಿಟ್ಟುಕೊಳ್ಳಿ. ಅದು ಒಂದೇ ಮೀಟರ್. ಅದರ ಬದಲು ಬ್ಯಾಂಕು ಒಂದು ಮಾತು ಹೇಳಲಿ, ಮನೆ ಬಾಡಿಗೆ ಕರಾರು ಅದನ್ನೇ ಹೇಳಲಿ, ತೆರಿಗೆ ಇಲಾಖೆ ಅದನ್ನೇ ಹೇಳಲಿ, ವಿಮಾ ಕಂಪನಿಯೂ ಅದನ್ನೇ ಹೇಳಲಿ. ಇವರ್ಯಾರೂ ಒಬ್ಬರಿಗೊಬ್ಬರು ನೆಂಟರಲ್ಲ, ಮಾತಾಡಿಕೊಂಡು ಹೇಳಿದ್ದಲ್ಲ. ಎಲ್ಲರೂ ಒಂದೇ ವಿಳಾಸ, ಅದೇ ಇಬ್ಬರ ಹೆಸರು ಹೇಳ್ತಿದ್ದಾರೆ ಅಂದರೆ ಅಧಿಕಾರಿಗೆ ಹೆಚ್ಚು ಯೋಚಿಸೋ ಕೆಲಸ ಇರಲ್ಲ.

ಎರಡನೆಯದು, ಕಾಲ. ಬಹಳ ಜನ ಮಾಡೋದೇನು ಅಂದರೆ, ಅರ್ಜಿ ಹಾಕೋಕೆ ಎರಡು ತಿಂಗಳಿದೆ ಅನ್ನುವಾಗ ಜಾಯಿಂಟ್ ಅಕೌಂಟ್ ತೆರೆಯೋದು, ಆಗಲೇ ವಿಮೆಗೆ ಹೆಂಡತಿ ಹೆಸರು ಹಾಕ್ಸೋದು. ಪರೀಕ್ಷೆಯ ಹಿಂದಿನ ರಾತ್ರಿ ಓದಿದ ಹಾಗೆ. ಅದನ್ನೂ ಕಳಿಸಿ, ತಪ್ಪಿಲ್ಲ. ಆದರೆ ಮೂರು-ಮೂರು ತಿಂಗಳಿಗೊಂದರಂತೆ ಇಡೀ ಎರಡು ವರ್ಷಕ್ಕೆ ಹರಡಿರುವ ಎಂಟು ಸ್ಟೇಟ್‌ಮೆಂಟ್‌ಗಿರುವ ಬೆಲೆ ಕೊನೆಯ ಎರಡು ತಿಂಗಳ ದೊಡ್ಡ ಕಟ್ಟಿಗೆ ಇರಲ್ಲ.

ಯಾವ ದಾಖಲೆ ಹೆಚ್ಚು ತೂಗುತ್ತೆ? ನಿಯಮದಲ್ಲೇ ಕೆಲವು ಹೆಸರಿಸಿದ್ದಾರೆ: ಇಬ್ಬರ ಹೆಸರಿನಲ್ಲಿರುವ ಆಸ್ತಿ, ಇಬ್ಬರೂ ಇರುವ ಮನೆಯ ಬಾಡಿಗೆ ಕರಾರು, ಹಣಕಾಸು ಒಂದಾಗಿದೆ ಅಂತ ತೋರಿಸುವ ಪತ್ರಗಳು, ಹುಟ್ಟಿದ ಮಕ್ಕಳ ಜನನ ಪ್ರಮಾಣಪತ್ರ, ಬಲ್ಲವರ ಪ್ರಮಾಣಪತ್ರ. ಮಗು ಇದ್ದರೆ ಅರ್ಧ ಮಾತು ಅಲ್ಲಿಗೇ ಮುಗಿದ ಹಾಗೆ. ಇಲ್ಲದಿದ್ದರೆ ಅದೇನೂ ಕೊರತೆ ಅಲ್ಲ. ಎರಡು ವರ್ಷಕ್ಕೆ ಮಗು ಆಗಿಲ್ಲವಾ ಅಂತ ಕೇಳೋಕೆ ನಮ್ಮ ಅತ್ತೆಯಂದಿರಿದ್ದಾರೆ, ಅಮೆರಿಕ ಸರ್ಕಾರ ಕೇಳಲ್ಲ.

ಜಾಯಿಂಟ್ ಅಕೌಂಟ್ ವಿಷಯದಲ್ಲಿ ಒಂದು ಮಾತು. ಖಾತೆಯಲ್ಲಿ ಇಬ್ಬರ ಹೆಸರಿದೆ, ಐನೂರು ಡಾಲರ್ ಹಾಕಿದ್ದಾರೆ, ಎರಡು ವರ್ಷ ಅಲ್ಲೇ ಕೂತಿದೆ ಅಂದರೆ ಅದು ಖಾತೆಯಷ್ಟೇ, ಸಂಸಾರ ಅಲ್ಲ. ಸಂಬಳ ಬರಬೇಕು, ಬಾಡಿಗೆ ಹೋಗಬೇಕು, ಕರೆಂಟ್ ಬಿಲ್ ಕಟ್ಟಿರಬೇಕು, ಪಟೇಲ್ ಬ್ರದರ್ಸ್‌ನಲ್ಲಿ ತೊಗರಿಬೇಳೆ ಕೊಂಡಿರಬೇಕು. ಯಾರೋ ಇಬ್ಬರು ಒಂದೇ ಒಲೆಯಲ್ಲಿ ಅಡುಗೆ ಮಾಡಿ ಊಟ ಮಾಡ್ತಿದ್ದಾರೆ ಅಂತ ಆ ಸ್ಟೇಟ್‌ಮೆಂಟ್ ನೋಡಿದರೇ ಗೊತ್ತಾಗಬೇಕು. ಹಾಗೆಯೇ ಗಂಡ ಹೆಂಡತಿ ಜಂಟಿಯಾಗಿ ಸಲ್ಲಿಸಿದ ತೆರಿಗೆ ರಿಟರ್ನ್. ಅದರ ದಾಖಲೆಯ ಪ್ರತಿಯನ್ನು ತೆರಿಗೆ ಇಲಾಖೆಯಿಂದಲೇ ತರಿಸಿ ಇಡಿ, ಮನೆಯಲ್ಲಿ ಪ್ರಿಂಟ್ ತೆಗೆದದ್ದಕ್ಕಿಂತ ಗಟ್ಟಿ. ಆರೋಗ್ಯ ವಿಮೆಯಲ್ಲಿ ಇಬ್ಬರೂ, ಕಾರಿನ ವಿಮೆಯಲ್ಲಿ ಇಬ್ಬರೂ ಚಾಲಕರು, ಗಂಡನ ನಿವೃತ್ತಿ ಖಾತೆಗೆ ಅಥವಾ ಜೀವವಿಮೆಗೆ ಹೆಂಡತಿ ನಾಮಿನಿ. ಈ ನಾಮಿನಿ ಪತ್ರ ನೋಡೋಕೆ ಒಂದೇ ಪುಟ, ಆದರೆ ಯೋಚನೆ ಮಾಡಿ: ನಾನು ಸತ್ತರೆ ನನ್ನ ದುಡ್ಡು ಇವಳಿಗೆ ಹೋಗಲಿ ಅಂತ ನಾಟಕದ ಗಂಡ ಸುಮ್ಮನೆ ಬರೆದುಕೊಡ್ತಾನಾ?

ಈಗ ನಮ್ಮವರ ನಿಜವಾದ ಸಮಸ್ಯೆಗೆ ಬರ್ತೀನಿ. ಹುಡುಗ ಅಲ್ಲೇ ಹುಟ್ಟಿ ಬೆಳೆದವನು, ಅಪ್ಪ ಅಮ್ಮನ ಮನೆಯಲ್ಲೇ ಇದ್ದಾನೆ. ಮದುವೆಯಾಗಿ ಹೋದ ಹುಡುಗಿಯೂ ಅದೇ ಮನೆಗೆ. ಮನೆ ಮಾವನ ಹೆಸರಿನಲ್ಲಿ, ಕರೆಂಟ್ ಬಿಲ್ ಅತ್ತೆ ಹೆಸರಿನಲ್ಲಿ, ಬಾಡಿಗೆ ಕರಾರು ಅನ್ನೋದೇ ಇಲ್ಲ. ಹಾಸನದ ಕೂಡುಕುಟುಂಬಕ್ಕೆ ಇದು ಸಹಜ, ಗಂಡ ಹೆಂಡತಿ ಬೇರೆ ಮನೆ ಮಾಡಿಕೊಳ್ಳೋದನ್ನೇ ನೋಡಿರುವ ಅಧಿಕಾರಿಗೆ ಅಷ್ಟು ಸಹಜ ಅಲ್ಲ. ಹಾಗಂತ ಗಾಬರಿ ಬೇಡ. ಮಾವನಿಂದ ಒಂದು ಪ್ರಮಾಣಪತ್ರ ಬರೆಸಿ: ಮನೆ ನನ್ನದು, ಮಗ ಸೊಸೆ ಇಂಥ ದಿನದಿಂದ ನನ್ನ ಜೊತೆ ಇದ್ದಾರೆ, ಬಾಡಿಗೆ ತಗೊಳ್ಳಲ್ಲ ಅಂತ. ಮನೆಯ ಪತ್ರದ ನಕಲು ಜೊತೆಗಿರಲಿ. ಆಮೇಲೆ ಅದೇ ವಿಳಾಸಕ್ಕೆ ಆಕೆಯ ಹೆಸರಿನಲ್ಲಿ ಬಂದ ಟಪಾಲು, ಇಬ್ಬರ ಡ್ರೈವಿಂಗ್ ಲೈಸೆನ್ಸ್, ಆಸ್ಪತ್ರೆಯ ಬಿಲ್, ಮೊಬೈಲಿನ ಫ್ಯಾಮಿಲಿ ಪ್ಲಾನ್, ಆಕೆ ಓದುತ್ತಿದ್ದರೆ ಕಾಲೇಜಿನ ಫಾರಂನಲ್ಲಿ ತುರ್ತು ಸಂಪರ್ಕಕ್ಕೆ ಗಂಡನ ಹೆಸರು. ಒಂದು ಪುಟದ ಪತ್ರದಲ್ಲಿ ಬಿಡಿಸಿ ಹೇಳಿ, ನಾವು ಯಾಕೆ ಬಾಡಿಗೆ ಮನೆ ಮಾಡಿಲ್ಲ ಅಂತ. ಖಾಲಿ ಬಿಟ್ಟ ಜಾಗವನ್ನು ಅಧಿಕಾರಿ ತನಗೆ ತೋಚಿದ ಹಾಗೆ ತುಂಬಿಕೊಳ್ತಾನೆ. ಅದಕ್ಕಿಂತ ನೀವೇ ತುಂಬೋದು ವಾಸಿ.

ಕೆಲಸಕ್ಕೋಸ್ಕರ ಇಬ್ಬರು ಎರಡು ಊರಿನಲ್ಲಿ ಇರುವವರಿಗೂ ಇದೇ ಮಾತು. ಅವನು ಡಾಲಸ್, ಅವಳು ಶಿಕಾಗೋದಲ್ಲಿ ಎಂ.ಎಸ್. ಓದ್ತಿದ್ದಾಳೆ ಅಂದರೆ ಮುಚ್ಚಿಡಬೇಡಿ. ಕಾಲೇಜಿನ ಪ್ರವೇಶ ಪತ್ರ ಇಡಿ, ಹೋಗಿ ಬಂದ ವಿಮಾನ ಟಿಕೆಟ್ ಇಡಿ, ಅವಳ ಬಾಡಿಗೆಯನ್ನು ಅವನು ಕಟ್ಟಿದ್ದರೆ ಅದರ ಲೆಕ್ಕ ಇಡಿ. ಬೇರೆ ಬೇರೆ ಇದ್ದ ಮಾತ್ರಕ್ಕೆ ಮದುವೆ ಸುಳ್ಳಾಗಲ್ಲ ಅಂತ 1975ರಲ್ಲೇ ಬಾರ್ಕ್ ಅನ್ನೋ ಪ್ರಕರಣದಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿದೆ. ಮದುವೆಯಾಗುವಾಗ ಒಟ್ಟಿಗೆ ಬಾಳುವ ಉದ್ದೇಶ ಇತ್ತಾ ಇಲ್ಲವಾ ಅನ್ನೋದೇ ಮೂಲ ಪ್ರಶ್ನೆ. ಆಮೇಲಿನ ದಾಖಲೆಗಳೆಲ್ಲ ಆ ಉದ್ದೇಶಕ್ಕೆ ಹಿಡಿದ ಕನ್ನಡಿ.

ಫೋಟೋ ವಿಷಯಕ್ಕೆ ಬನ್ನಿ. ನಮ್ಮ ಮದುವೆಗೆ ಮೂರು ಸಾವಿರ ಫೋಟೋ ತೆಗೆದಿರ್ತಾರೆ, ಅದರಲ್ಲಿ ಎರಡು ಸಾವಿರದ ಒಂಬೈನೂರು ಸ್ಟೇಜಿನ ಮೇಲೆ ಸಾಲಾಗಿ ನಿಂತ ನೆಂಟರದು. ಧಾರೆಯ ಒಂದು, ಎರಡೂ ಮನೆಯವರಿರುವ ಒಂದೆರಡು ಸಾಕು. ಉಳಿದದ್ದು ಎರಡು ವರ್ಷದ ಬದುಕಿನಿಂದ ಬರಲಿ. ಕನ್ನಡ ಕೂಟದ ಯುಗಾದಿ, ಗೃಹಪ್ರವೇಶ, ಗೆಳೆಯರ ಮಗುವಿನ ನಾಮಕರಣ, ಊರಿಗೆ ಬಂದಾಗ ಅಜ್ಜಿ ಜೊತೆ ಜಗಲಿಯಲ್ಲಿ ಕೂತದ್ದು. ಪ್ರತಿಯೊಂದರ ಕೆಳಗೆ ಎಲ್ಲಿ, ಯಾವಾಗ, ಯಾರ್ಯಾರು ಅಂತ ಇಂಗ್ಲಿಷಿನಲ್ಲಿ ಒಂದು ಸಾಲು. ಹದಿನೈದು-ಇಪ್ಪತ್ತು ದಾಟೋದು ಬೇಡ ಅಂತ ನನ್ನ ಅಭಿಪ್ರಾಯ. ವಾಟ್ಸಾಪ್ ಚಾಟ್ ಐನೂರು ಪುಟ ಪ್ರಿಂಟ್ ತೆಗೆಯೋದಂತೂ ಬೇಡವೇ ಬೇಡ. "ಹಾಲು ತಾ" "ಆಯ್ತು" "ಎಲ್ಲಿದೀಯ" ಅಂತ ಓದಿ ಯಾರಿಗೇನು ಉಪಕಾರ? ಅದೂ ಕನ್ನಡದಲ್ಲಿದ್ದರೆ ಒಂದೊಂದು ಸಾಲಿಗೂ ಅನುವಾದ ಮಾಡಿಸಬೇಕು! ಹೌದು, ಇದು ನೆನಪಿಡಿ. ಲಗ್ನಪತ್ರಿಕೆ ಇರಲಿ, ಉಪನೋಂದಣಿ ಕಚೇರಿಯ ಪತ್ರ ಇರಲಿ, ಕನ್ನಡದಲ್ಲಿರುವ ಯಾವುದೇ ದಾಖಲೆಗೂ ಪೂರ್ತಿ ಇಂಗ್ಲಿಷ್ ಅನುವಾದ ಬೇಕು. ಅನುವಾದ ಪೂರ್ಣವಾಗಿದೆ, ಸರಿಯಾಗಿದೆ, ಎರಡೂ ಭಾಷೆ ನನಗೆ ಗೊತ್ತು ಅಂತ ಅನುವಾದಕರ ಸಹಿ ಇರಬೇಕು.

ಬಲ್ಲವರ ಪ್ರಮಾಣಪತ್ರ ಕೊಡುವುದಾದರೆ ಕನಿಷ್ಠ ಇಬ್ಬರದು ಬೇಕು. ಷರತ್ತಿನ ಕಾರ್ಡ್ ಸಿಕ್ಕಾಗಿನಿಂದ ನಿಮ್ಮಿಬ್ಬರನ್ನೂ ನೇರವಾಗಿ ಬಲ್ಲವರಾಗಿರಬೇಕು. "ಇವರು ಆದರ್ಶ ದಂಪತಿ, ರಾಮ ಸೀತೆಯರ ಹಾಗಿದ್ದಾರೆ" ಅಂತ ಬರೆಸಬೇಡಿ ದಯವಿಟ್ಟು. "ಆಕೆಗೆ ಅಪೆಂಡಿಕ್ಸ್ ಆಪರೇಷನ್ ಆದಾಗ ನಾನು ಊಟ ತಗೊಂಡು ಹೋಗಿದ್ದೆ, ಅವನು ಎರಡು ದಿನ ಆಸ್ಪತ್ರೆಯಲ್ಲೇ ಇದ್ದ" ಅಂತ ಗೆಳತಿ ಕಣ್ಣಾರೆ ಕಂಡದ್ದನ್ನು ಬರೆದರೆ ಅದಕ್ಕೆ ತೂಕ. ಇದು ಬೇರೆ ದಾಖಲೆಗಳ ಜೊತೆ ನಿಲ್ಲುವಂಥದ್ದು, ಒಂಟಿಯಾಗಿ ನಿಲ್ಲಲ್ಲ.

ಒಟ್ಟು ಎಷ್ಟಾಯಿತು? ನನ್ನನ್ನು ಕೇಳಿದರೆ ಬಹುಪಾಲು ಸಂಸಾರಗಳ ಕಥೆಯನ್ನು ನೂರು-ನೂರೈವತ್ತು ಪುಟದೊಳಗೆ ಹೇಳಬಹುದು. ಮೇಲೆ ಒಂದು ಪತ್ರ, ಅದರಲ್ಲಿ ಯಾವ ದಾಖಲೆ ಎಲ್ಲಿದೆ ಅನ್ನೋ ಪಟ್ಟಿ. ಎಲ್ಲ ನಕಲು, ಮೂಲ ಪತ್ರ ನಿಮ್ಮ ಹತ್ತಿರವೇ ಇರಲಿ. ಬೈಂಡಿಂಗ್ ಮಾಡಿಸಬೇಡಿ, ಆಲ್ಬಂ ಕಳಿಸಬೇಡಿ, ಮದುವೆ ವಿಡಿಯೋ ಇರುವ ಪೆನ್‌ಡ್ರೈವ್ ಕಳಿಸಬೇಡಿ. ಅಲ್ಲಿ ಬಿಡಿಬಿಡಿ ಹಾಳೆ ಸ್ಕ್ಯಾನ್ ಆಗುತ್ತೆ ಅಷ್ಟೆ. ಐನೂರು ಪುಟ ಕಳಿಸಿದರೆ ಅಪರಾಧ ಅಂತಲ್ಲ, ಆದರೆ ಆ ಒಂದು ಪುಟದ ನಾಮಿನಿ ಪತ್ರ ನಾನೂರ ಹನ್ನೆರಡನೇ ಹಾಳೆಯಾಗಿ ಎಲ್ಲೋ ಕೂತಿರುತ್ತೆ. ಇನ್ನೊಂದು ಅಪಾಯ, ದಾಖಲೆ ಹೆಚ್ಚಾದಷ್ಟೂ ವಿಳಾಸ, ದಿನಾಂಕ ಒಂದಕ್ಕೊಂದು ತಾಳೆಯಾಗದೆ ಹೋಗೋ ಸಂಭವ ಹೆಚ್ಚು. ಸುಳ್ಳೇನಿಲ್ಲದಿದ್ದರೂ ನೀವೇ ಪ್ರಶ್ನೆ ಹುಟ್ಟಿಸಿದಂತಾಗುತ್ತೆ.

ಕಮ್ಮಿ ಆದರೆ? ಆ ತಂದೆಯ ಭಯ ಇದೇ. ಕಮ್ಮಿ ಅನಿಸಿದರೆ ಸಾಮಾನ್ಯವಾಗಿ ಇನ್ನಷ್ಟು ದಾಖಲೆ ಕೊಡಿ ಅಂತ ನೋಟಿಸ್ ಬರುತ್ತೆ, ಆರ್‌ಎಫ್‌ಇ ಅಂತಾರೆ. ಉತ್ತರ ಕೊಡೋಕೆ ಹೆಚ್ಚೆಂದರೆ ಹನ್ನೆರಡು ವಾರ. ಕೇಳಿದ್ದನ್ನೆಲ್ಲ ಒಂದೇ ಸಲ ಕಳಿಸಬೇಕು, ಕಂತಿನಲ್ಲಿ ಅಲ್ಲ. ಅಥವಾ ಸಂದರ್ಶನಕ್ಕೆ ಕರೀತಾರೆ. ದಾಖಲೆ ಗಟ್ಟಿ ಇದ್ದರೆ ಸಂದರ್ಶನ ಇಲ್ಲದೆಯೂ ಮುಗಿಸುವ ಅಧಿಕಾರ ಇಲಾಖೆಗಿದೆ. ತಿರಸ್ಕಾರವಾದರೂ ಅವತ್ತೇ ವಿಮಾನ ಹತ್ತಿಸಲ್ಲ, ವಲಸೆ ನ್ಯಾಯಾಧೀಶರ ಮುಂದೆ ಇನ್ನೊಮ್ಮೆ ಹೇಳಿಕೊಳ್ಳೋ ಅವಕಾಶ ಇದೆ. ಆದ್ದರಿಂದ ಪರಿಪೂರ್ಣ ಫೈಲ್ ಆಗಲಿ ಅಂತ ಕಾಯುತ್ತಾ 90 ದಿನ ದಾಟಿಸಿಕೊಳ್ಳೋದು ಬುದ್ಧಿವಂತಿಕೆ ಅಲ್ಲ. ಇದ್ದದ್ದರಲ್ಲಿ ಒಳ್ಳೆಯದನ್ನು ಆರಿಸಿ ಅವಧಿಯೊಳಗೆ ಹಾಕಿ.

ಹಾಕಿದ ಮೇಲೆ ಬರುವ ರಸೀದಿಯನ್ನು ಚಿನ್ನದ ಹಾಗೆ ಕಾಪಾಡಿ. 2023ರ ಜನವರಿಯಿಂದ ಈ ರಸೀದಿ ಹಳೇ ಕಾರ್ಡಿನ ಅವಧಿಯನ್ನು 48 ತಿಂಗಳು ಮುಂದಕ್ಕೆ ಹಾಕುತ್ತೆ. ಅವಧಿ ಮುಗಿದ ಕಾರ್ಡ್ ಮತ್ತು ಮೂಲ ರಸೀದಿ, ಎರಡೂ ಸೇರಿದರೆ ಕೆಲಸಕ್ಕೂ ಆಯಿತು, ಊರಿಗೆ ಬಂದು ಹೋಗೋಕೂ ಆಯಿತು. ಯಾಕೆ ಹೇಳ್ತೀನಿ ಅಂದರೆ, ಕಾರ್ಡ್ ಮುಗಿದಿದೆ, ಹೋದರೆ ವಾಪಸ್ ಬಿಡಲ್ಲ ಅಂತ ಹೆದರಿ ತಂದೆಯ ಅಂತ್ಯಸಂಸ್ಕಾರಕ್ಕೂ ಬರದೆ ಕೂತವರಿದ್ದಾರೆ. ಪ್ರಜೆಯನ್ನು ಮದುವೆಯಾಗಿ ಒಟ್ಟಿಗಿರುವವರು ಮೂರು ವರ್ಷದ ಮೇಲೆ ಪೌರತ್ವಕ್ಕೆ ಅರ್ಜಿ ಹಾಕಬಹುದು, ಷರತ್ತಿನ ಎರಡು ವರ್ಷವೂ ಅದರಲ್ಲಿ ಲೆಕ್ಕಕ್ಕೆ ಬರುತ್ತೆ. ಐ-751 ಇನ್ನೂ ಬಾಕಿ ಇದ್ದರೂ ಹಾಕಬಹುದು.

ಇಷ್ಟೊತ್ತು ಹೇಳಿದ್ದೆಲ್ಲ ಇಬ್ಬರೂ ಚೆನ್ನಾಗಿದ್ದಾಗ. ಚೆನ್ನಾಗಿಲ್ಲದಿದ್ದರೆ?

ಈ ಅರ್ಜಿಗೆ ಎರಡು ಸಹಿ ಬೇಕು. ಒಂದು ಗಂಡನದು. ಇದನ್ನು ಕೆಲವು ಗಂಡಂದಿರು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ. "ಬಾಯಿ ಮುಚ್ಕೊಂಡಿರು, ಇಲ್ಲಾಂದ್ರೆ ಸಹಿ ಹಾಕಲ್ಲ, ವಾಪಸ್ ಊರಿಗೆ ಹೋಗ್ತೀಯ" ಅನ್ನೋ ಬೆದರಿಕೆಗೆ ಹೆದರಿ ಏಟು ತಿಂದುಕೊಂಡು ದಿನ ಎಣಿಸುವ ಹೆಣ್ಣುಮಕ್ಕಳಿದ್ದಾರೆ. ಇತ್ತ ಅಪ್ಪ ಅಮ್ಮ "ಎರಡು ವರ್ಷ ಹೇಗಾದ್ರೂ ಸಹಿಸ್ಕೋ ಮಗಳೇ, ಕಾರ್ಡ್ ಆಗ್ಲಿ" ಅಂತಾರೆ. ಆ ಸಲಹೆ ತಪ್ಪು. ಕಾನೂನಿನ ದೃಷ್ಟಿಯಲ್ಲೂ ತಪ್ಪು.

ಗಂಡನ ಸಹಿ ಇಲ್ಲದೆಯೂ ಅದೇ ಐ-751ನ್ನು ಒಬ್ಬಳೇ ಹಾಕಬಹುದು. ಒಳ್ಳೆಯ ಉದ್ದೇಶದಿಂದ ಆದ ಮದುವೆ ವಿಚ್ಛೇದನದಲ್ಲಿ ಮುಗಿದಿದ್ದರೆ ಹಾಕಬಹುದು. ಗಂಡ ತೀರಿಕೊಂಡಿದ್ದರೆ, ಅಥವಾ ವಾಪಸ್ ಕಳಿಸಿದರೆ ವಿಪರೀತ ಕಷ್ಟವಾಗುತ್ತೆ ಅಂತ ತೋರಿಸಬಲ್ಲರೆ ಕೂಡ. ಹೊಡೆತ, ಅತಿಯಾದ ಕ್ರೌರ್ಯ ಇದ್ದರೆ ಅದಕ್ಕೇ ಪ್ರತ್ಯೇಕ ದಾರಿ, 1990ರಲ್ಲಿ ಕಾನೂನಿಗೆ ಸೇರಿಸಿದ್ದು. ಆ ದಾರಿಗೆ ವಿಚ್ಛೇದನ ಆಗಿರಲೇಬೇಕು ಅಂತಿಲ್ಲ. ಇನ್ನೂ ಅದೇ ಮನೆಯಲ್ಲಿದ್ದರೂ ಹಾಕಬಹುದು, 90 ದಿನದ ಕಿಟಕಿಗೆ ಕಾಯಬೇಕಿಲ್ಲ, ಇಲಾಖೆ ಈ ವಿಷಯವನ್ನು ಗಂಡನಿಗೆ ತಿಳಿಸುವಂತಿಲ್ಲ. ಈ ನಿಯಮಗಳು ಗಂಡಸರಿಗೂ ಅನ್ವಯ, ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಹೋದ ನಮ್ಮ ಹುಡುಗರಿಗೂ.

ಆದರೆ ಇಲ್ಲೂ ಮದುವೆ ನಿಜವಾಗಿತ್ತು ಅಂತ ತೋರಿಸುವ ಹೊಣೆ ಅರ್ಜಿ ಹಾಕುವವಳ ಮೇಲೇ ಇದೆ. ಮತ್ತೆ ಅವೇ ಪತ್ರಗಳು: ಬ್ಯಾಂಕು, ತೆರಿಗೆ, ವಿಮೆ, ಬಾಡಿಗೆ. ಅವೆಲ್ಲ ಎಲ್ಲಿರ್ತವೆ? ಗಂಡನ ಇಮೇಲಿನಲ್ಲಿ, ಗಂಡನ ಲ್ಯಾಪ್‌ಟಾಪಿನಲ್ಲಿ, ಬೀರುವಿನಲ್ಲಿ ಬೀಗ ಹಾಕಿ. ಮನೆಯಿಂದ ಹೊರಗೆ ಹಾಕಿದ ದಿನ ಅವಳ ಕೈಯಲ್ಲಿ ಒಂದು ಹಾಳೆ ಇರಲ್ಲ.

ಅದಕ್ಕೇ ನಾನು ಹಾಸನದ ಆ ತಂದೆಗೆ ಪುಟದ ಲೆಕ್ಕದ ಜೊತೆಗೆ ಇನ್ನೊಂದು ಮಾತು ಬರೆದೆ. ನಿಮ್ಮ ಅಳಿಯ ಬಂಗಾರದಂಥ ಮನುಷ್ಯ ಇರಬಹುದು, ಇರಲಿ. ಆದರೂ ಪ್ರತಿ ದಾಖಲೆಯ ಒಂದು ನಕಲು ಮಗಳ ಸ್ವಂತ ಇಮೇಲಿನಲ್ಲಿ ಇರಲಿ. ಪಾಸ್‌ವರ್ಡ್ ಅವಳಿಗೆ ಮಾತ್ರ ಗೊತ್ತಿರಲಿ. ಗ್ರೀನ್ ಕಾರ್ಡಿನ ಎರಡೂ ಬದಿ, ಪಾಸ್‌ಪೋರ್ಟಿನ ವೀಸಾ ಪುಟ, ಮದುವೆ ನೋಂದಣಿ ಪತ್ರ ಸ್ಕ್ಯಾನ್ ಮಾಡಿ ನಿಮ್ಮ ಹತ್ತಿರವೂ ಇಟ್ಟುಕೊಳ್ಳಿ. ಜಾಯಿಂಟ್ ಅಕೌಂಟಿಗೆ ಅವಳ ಫೋನಿನಿಂದಲೂ ಲಾಗಿನ್ ಆಗುವಂತಿರಲಿ. ಇದು ಅನುಮಾನ ಅಲ್ಲ ಸ್ವಾಮಿ. ಒಂದು ಫೈಲಿಗೆ ಒಂದೇ ಕಾಪಿ ಇಡೋದನ್ನು ಯಾವ ಎಂಜಿನಿಯರೂ ಒಪ್ಪಲ್ಲ.

ಒಬ್ಬಳೇ ಅರ್ಜಿ ಹಾಕುವ ಪರಿಸ್ಥಿತಿ ಬಂದರೆ, ಅಥವಾ ಮಧ್ಯೆ ಪೊಲೀಸ್ ಕೇಸೇನಾದರೂ ಆಗಿದ್ದರೆ, ಅದು ಮನೆಯಲ್ಲಿ ಕೂತು ಫಾರಂ ತುಂಬುವ ಕೆಲಸ ಅಲ್ಲ. ವಲಸೆ ಕಾನೂನಿನ ಪರವಾನಗಿ ಇರುವ ವಕೀಲರನ್ನೇ ನೋಡಬೇಕು, ಇಲ್ಲಿನ ವೀಸಾ ಏಜೆಂಟರನ್ನಲ್ಲ. ದುಡ್ಡಿಲ್ಲದವರಿಗೆ ನ್ಯೂಜೆರ್ಸಿಯಲ್ಲಿ 1985ರಿಂದ ಮಾನವಿ, ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ 1991ರಿಂದ ಮೈತ್ರಿ ಅನ್ನೋ ಸಂಸ್ಥೆಗಳಿವೆ, ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ ಕಟ್ಟಿದವು. ಇಡೀ ಅಮೆರಿಕಕ್ಕೆ ಕೌಟುಂಬಿಕ ಹಿಂಸೆಯ ಸಹಾಯವಾಣಿ 1-800-799-7233, ಹಗಲು ರಾತ್ರಿ ಎತ್ತುತ್ತಾರೆ. ಮಗಳಿಗೆ ಈ ನಂಬರ್ ಕಳಿಸಿಡಿ.